ಕಡತದ ಹೆಸರೂ ಹೆಬ್ಬಾಗಿಲ ದುಭಾಷಿಯೂ



ಗಣಕಯಂತ್ರದಲ್ಲಿ ಕನ್ನಡ ಬರೆಯುವುದು ಇಂದು ಯಾರಿಗೂ ಸೋಜಿಗದ ಸಂಗತಿಯಾಗಿ ಉಳಿದಿಲ್ಲ. ಪತ್ರ, ಲೆಕ್ಕ, ಕವಿತೆ, ಲಗ್ನಪತ್ರಿಕೆ ಎಲ್ಲವೂ ಕನ್ನಡದಲ್ಲಿಯೇ ಸಿದ್ಧವಾಗುತ್ತಿವೆ. ಆದರೆ ಬರೆದುದನ್ನು ಉಳಿಸಿಡುವ ಹೊತ್ತಿಗೆ, ಕಡತಕ್ಕೆ ಹೆಸರಿಡುವ ಹೊತ್ತಿಗೆ, ನಮ್ಮಲ್ಲಿ ಅನೇಕರ ಕೈ ತಾನಾಗಿ ಇಂಗ್ಲಿಷಿನತ್ತ ತಿರುಗುತ್ತದೆ. ಒಳಗಿನ ಬರಹವೆಲ್ಲ ಕನ್ನಡ, ಮೇಲಿನ ಹೆಸರು ಮಾತ್ರ ಇಂಗ್ಲಿಷು. ಏಕೆ ಹೀಗೆಂದು ಕೇಳಿದರೆ, ‘ಕನ್ನಡದ ಹೆಸರಿಟ್ಟರೆ ಕಡತ ಎಲ್ಲಿಯಾದರೂ ಕಳೆದುಹೋದೀತು’ ಎಂಬ ಉತ್ತರ ಬರುತ್ತದೆ. ಈ ಅಂಜಿಕೆ ಹುಸಿಯಲ್ಲ. ಇದರ ಬೇರು ಎಲ್ಲಿದೆ, ಇದನ್ನು ನಿವಾರಿಸುವ ಹೊಣೆ ಯಾರದು ಎಂಬುದನ್ನು ಇಂದಿನ ಈ ಹದಿನೈದು ನಿಮಿಷಗಳಲ್ಲಿ ತಮ್ಮ ಮುಂದಿಡಬೇಕೆಂದಿದ್ದೇನೆ.

ನಾವು ಬರೆಯುವ ಕ್ರಮವಿಧಿ, ಅಂದರೆ ಪ್ರೋಗ್ರಾಮು, ಗಣಕದ ಡಿಸ್ಕನ್ನು ತಾನೇ ಮುಟ್ಟಲಾರದು. ಡಿಸ್ಕು, ಪರದೆ, ಕೀಲಿಮಣೆ ಇವೆಲ್ಲಕ್ಕೂ ಒಬ್ಬ ಪಾರುಪತ್ಯಗಾರನಿದ್ದಾನೆ. ಅವನೇ ಆಪರೇಟಿಂಗ್ ಸಿಸ್ಟಮ್; ಕನ್ನಡದಲ್ಲಿ ಹೇಳುವುದಾದರೆ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್, ಲಿನಕ್ಸ್ ಮೊದಲಾದ ಹೆಸರುಗಳನ್ನು ತಾವು ಕೇಳಿಯೇ ಇದ್ದೀರಿ. ರೈತನೊಬ್ಬ ತಾಲ್ಲೂಕು ಕಚೇರಿಯ ದಫ್ತರವನ್ನು ತಾನೇ ಬಿಚ್ಚಿ ನೋಡುವಂತಿಲ್ಲ. ಗೊತ್ತಾದ ನಮೂನೆಯಲ್ಲಿ ಅರ್ಜಿ ಕೊಡಬೇಕು. ಹಾಗೆಯೇ ಕ್ರಮವಿಧಿಯೂ ಒಂದು ಕಡತ ಬೇಕಾದರೆ ವ್ಯವಸ್ಥೆಗೆ ಅರ್ಜಿ ಹಾಕಬೇಕು. ಆ ಅರ್ಜಿಯಲ್ಲಿ ಮುಖ್ಯವಾದ ಅಂಕಣವೆಂದರೆ ಕಡತದ ಹೆಸರು.

ಈ ಅರ್ಜಿಯನ್ನು ಬರೆಯುವವರಾರು? ಮನುಷ್ಯರಿಗೆ ತಿಳಿಯುವ ಭಾಷೆಯಲ್ಲಿ ಬರೆದ ಕ್ರಮವಿಧಿಯನ್ನು ಯಂತ್ರಕ್ಕೆ ತಿಳಿಯುವ ಆಜ್ಞೆಗಳಾಗಿ ಮಾರ್ಪಡಿಸುವ ತಂತ್ರಾಂಶಕ್ಕೆ ಕಂಪೈಲರ್ ಎಂದು ಹೆಸರು. ಅದರ ಬೆನ್ನಿಗೆ ಸಿದ್ಧ ಕ್ರಮವಿಧಿಗಳ ಒಂದು ಭಂಡಾರವಿರುತ್ತದೆ. ‘ಈ ಹೆಸರಿನ ಕಡತವನ್ನು ತೆರೆ’ ಎಂದು ನಾವು ಒಂದೇ ಸಾಲು ಬರೆದು ಸುಮ್ಮನಾಗುತ್ತೇವೆ. ವ್ಯವಸ್ಥೆ ಒಪ್ಪುವ ನಮೂನೆಯಲ್ಲಿ ಅರ್ಜಿ ತುಂಬುವ ಕೆಲಸ ಆ ಭಂಡಾರದ್ದು. ಕಂಪೈಲರೂ ಸ್ವತಃ ಅರ್ಜಿದಾರನೇ. ನಾವು ಬರೆದ ಮೂಲ ಕಡತಕ್ಕೆ ‘ಲೆಕ್ಕ’ ಎಂದು ಕನ್ನಡದಲ್ಲಿ ಹೆಸರಿಟ್ಟಿದ್ದರೆ, ಅದನ್ನು ತೆರೆಯಲು ಅದೂ ಇದೇ ಹೆಬ್ಬಾಗಿಲಲ್ಲಿ ನಿಲ್ಲಬೇಕು.

ಇನ್ನು ಅರ್ಜಿಯ ಲಿಪಿಯ ಮಾತು. ಗಣಕಕ್ಕೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಆದುದರಿಂದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಬೇಕು. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಪಟ್ಟಿ ಪ್ರಕಟವಾಯಿತು. ಅದರಲ್ಲಿರುವುದು 128 ಸ್ಥಾನಗಳು; ಇಂಗ್ಲಿಷಿಗೆ ಅಷ್ಟು ಸಾಕು. ಆದರೆ ಒಂದು ಬೈಟಿನಲ್ಲಿ 256 ಬಗೆಯ ಬೆಲೆಗಳು ಹಿಡಿಯುತ್ತವೆ. ಹಾಗಾಗಿ ಉಳಿದ 128 ಸ್ಥಾನಗಳನ್ನು ಬೇರೆ ಬೇರೆ ದೇಶದವರು ತಮತಮಗೆ ಬೇಕಾದಂತೆ ತುಂಬಿಕೊಂಡರು. ಇಂಥ ಪಟ್ಟಿಯನ್ನು ಸಂಕೇತಪುಟ ಎನ್ನೋಣ. ಪಶ್ಚಿಮ ಯೂರೋಪಿನದು ಒಂದು ಪುಟ, ರಷ್ಯನ್ನರದು ಇನ್ನೊಂದು, ಥಾಯಿ ಭಾಷೆಯದು ಮತ್ತೊಂದು. ನಮ್ಮ ದೇಶದಲ್ಲಿಯೂ ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಪಟ್ಟಿ ಸಿದ್ಧವಾಗಿ 1991ರಲ್ಲಿ ಭಾರತೀಯ ಮಾನಕವಾಯಿತು. ಒಂದೇ ಸಂಖ್ಯೆ ಒಂದು ಪುಟದಲ್ಲಿ ಒಂದು ಅಕ್ಷರ, ಬೇರೆ ಪುಟದಲ್ಲಿ ಬೇರೆಯೇ ಅಕ್ಷರ. ಯಾವ ಪುಟವೆಂದು ತಿಳಿಯದಿದ್ದರೆ ಓದಿದ್ದೆಲ್ಲ ಅನರ್ಥ.

ಈ ಗೊಂದಲವನ್ನು ಬಗೆಹರಿಸಲು ಹುಟ್ಟಿದ್ದು ಯೂನಿಕೋಡ್. ಅದರ ಮೊದಲ ಆವೃತ್ತಿ 1991ರ ಅಕ್ಟೋಬರಿನಲ್ಲಿ ಹೊರಬಂದಿತು. ಲೋಕದ ಲಿಪಿಗಳಿಗೆಲ್ಲ ಒಂದೇ ಪಟ್ಟಿ, ಒಂದು ಅಕ್ಷರಕ್ಕೆ ಒಂದೇ ಸಂಖ್ಯೆ ಎಂಬುದು ಅದರ ಸಂಕಲ್ಪ. ಅದರಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲಾಗಿವೆ; ಆ ಸ್ಥಾನಗಳ ಜೋಡಣೆ ಇಸ್ಕಿಯ ಕ್ರಮವನ್ನೇ ಅನುಸರಿಸಿದ್ದು. ನಮ್ಮ ‘ಕ’ಕಾರಕ್ಕೆ ದೊರೆತ ಸಂಖ್ಯೆ 3221. ಇಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದು ತಾವು ಭಾವಿಸಬಹುದು. ಹಾಗಾಗಲಿಲ್ಲ. ಸಂಖ್ಯೆ ಒಂದೇ ಆದರೂ ಅದನ್ನು ಬೈಟುಗಳಲ್ಲಿ ಬರೆದಿಡುವ ರೀತಿಗಳು ಒಂದಕ್ಕಿಂತ ಹೆಚ್ಚಾದವು.

ಮೊದಮೊದಲು ಯೂನಿಕೋಡಿಗೆ 65,536 ಸ್ಥಾನಗಳು ಸಾಕೆಂಬ ಎಣಿಕೆಯಿತ್ತು. ಅಷ್ಟಾದರೆ ಎರಡು ಬೈಟುಗಳಲ್ಲಿ ಹಿಡಿಯುತ್ತದೆ. 1993ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿ ಈ ಎಣಿಕೆಯನ್ನು ನಂಬಿ, ತನ್ನ ಒಳಗಿನ ಹೆಸರುಗಳನ್ನೆಲ್ಲ ಎರಡೆರಡು ಬೈಟುಗಳ ಪದ್ಧತಿಯಲ್ಲಿ ಇಟ್ಟುಕೊಂಡಿತು. ಆದರೆ ಎಣಿಕೆ ತಪ್ಪಿತು. 1996ರ ಎರಡನೆಯ ಆವೃತ್ತಿಯಲ್ಲಿ ಪಟ್ಟಿಯನ್ನು ಹನ್ನೊಂದು ಲಕ್ಷಕ್ಕೂ ಮೀರಿದ ಸ್ಥಾನಗಳಿಗೆ ವಿಸ್ತರಿಸಬೇಕಾಯಿತು. 65,536ರ ಗೆರೆಯಾಚೆಗಿನ ಅಕ್ಷರಗಳನ್ನು ಎರಡೆರಡು ಬೈಟುಗಳ ಎರಡು ತುಂಡುಗಳಾಗಿ, ಜೋಡಿಯಾಗಿ ಬರೆಯುವ ಏರ್ಪಾಡಾಯಿತು. ಇದಕ್ಕೆ ಯುಟಿಎಫ್-16 ಎಂದು ಹೆಸರು. ನಮ್ಮ ಕರಾವಳಿಯ ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿಗೆ ಸೇರಿತಷ್ಟೆ. ಅದರ ಸ್ಥಾನ ಈ ಗೆರೆಯ ಆಚೆಗೇ ಇದೆ.

ಯೂನಿಕ್ಸ್ ಸಂತತಿಯವರು ಬೇರೆ ದಾರಿ ಹಿಡಿದರು. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬಿಬ್ಬರು ನ್ಯೂಜೆರ್ಸಿಯ ಉಪಾಹಾರಗೃಹವೊಂದರಲ್ಲಿ ಊಟದ ಮೇಜಿಗೆ ಹಾಸಿದ್ದ ಕಾಗದದ ಮೇಲೆ ಒಂದು ಪದ್ಧತಿಯನ್ನು ರೂಪಿಸಿದರು. ಅದೇ ಯುಟಿಎಫ್-8. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಮೊದಲಿನಂತೆ ಒಂದೇ ಬೈಟು. ಕನ್ನಡದ ಸಂಕೇತಕ್ಕೆ ಮೂರು ಬೈಟು. ದೂರದ ಸ್ಥಾನಗಳಿಗೆ ನಾಲ್ಕು. ಇದರ ಜಾಣ್ಮೆ ಇರುವುದು ಒಂದು ನಿಯಮದಲ್ಲಿ. ಇಂಗ್ಲಿಷೇತರ ಅಕ್ಷರವನ್ನು ಬರೆಯುವ ಬೈಟುಗಳಲ್ಲಿ ಯಾವುದೂ 128ಕ್ಕಿಂತ ಕಡಿಮೆಯಿರಕೂಡದು. ಯೂನಿಕ್ಸ್ ವ್ಯವಸ್ಥೆಗಳಲ್ಲಿ 0 ಎಂಬ ಬೈಟು ಹೆಸರಿನ ಕೊನೆಯನ್ನು ಸೂಚಿಸುತ್ತದೆ. 47 ಎಂಬ ಬೈಟು, ಅಂದರೆ ಓರೆಗೆರೆ, ಕಡತಕೋಶಗಳನ್ನು ಬೇರ್ಪಡಿಸುತ್ತದೆ. ಕನ್ನಡದ ಹೆಸರಿನೊಳಗೆ ಇವೆರಡೂ ನುಸುಳುವ ಸಂಭವವೇ ಇಲ್ಲದ್ದರಿಂದ ಹಳೆಯ ವ್ಯವಸ್ಥೆ ತನ್ನ ಒಂದು ಸಾಲನ್ನೂ ಬದಲಾಯಿಸದೆ ಕನ್ನಡ ಹೆಸರನ್ನು ಹೊತ್ತೊಯ್ಯಬಲ್ಲದು.

ಒಂದು ಉದಾಹರಣೆಯಿಂದ ಇದು ತಿಳಿಯಾದೀತು. ‘ಕ’ ಎಂಬ ಅಕ್ಷರ ಯುಟಿಎಫ್-16ರಲ್ಲಿ 12 ಮತ್ತು 149 ಎಂಬ ಎರಡು ಬೈಟು. ಯುಟಿಎಫ್-8ರಲ್ಲಿ 224, 178, 149 ಎಂಬ ಮೂರು ಬೈಟು. ‘ಕರ್ನಾಟಕ’ ಎಂಬ ಪದವನ್ನು ಉಚ್ಚರಿಸುವಾಗ ನಾವು ನಾಲ್ಕು ಅಕ್ಷರಗಳೆಂದು ಎಣಿಸುತ್ತೇವೆ. ಯೂನಿಕೋಡು ಹಲಂತದ ಚಿಹ್ನೆ, ದೀರ್ಘಸ್ವರದ ಚಿಹ್ನೆಗಳನ್ನೂ ಲೆಕ್ಕ ಹಿಡಿದು ಏಳು ಸಂಕೇತಗಳೆನ್ನುತ್ತದೆ. ಅದೇ ವಿಂಡೋಸಿನ ಒಳಗೆ 14 ಬೈಟು. ಲಿನಕ್ಸಿನ ಒಳಗೆ 21 ಬೈಟು. ಪದ ಒಂದೇ, ಎಣಿಕೆ ನಾಲ್ಕು ತೆರ.

ಇಲ್ಲಿಯೇ ದುಭಾಷಿಯ ಅಗತ್ಯ ಬರುವುದು. ಕುಂಪಣಿಯ ಕಾಲದಲ್ಲಿ ದೇಶೀಯರಿಗೂ ಪರದೇಶೀಯರಿಗೂ ನಡುವೆ ನಿಂತು ಮಾತನ್ನು ದಾಟಿಸುತ್ತಿದ್ದವನನ್ನು ದುಭಾಷಿಯೆಂದು ಕರೆಯುತ್ತಿದ್ದರಷ್ಟೆ. ಕ್ರಮವಿಧಿ ತನ್ನೊಳಗೆ ಹೆಸರನ್ನು ಒಂದು ಪದ್ಧತಿಯಲ್ಲಿ ಇಟ್ಟುಕೊಂಡಿರುತ್ತದೆ. ವ್ಯವಸ್ಥೆ ಇನ್ನೊಂದು ಪದ್ಧತಿಯಲ್ಲಿ ಕೇಳುತ್ತದೆ. ನಡುವೆ ನಿಂತು ಬದಲಾಯಿಸಿಕೊಡುವ ದುಭಾಷಿಯನ್ನು ಕಂಪೈಲರಿನ ಭಂಡಾರವೇ ಒದಗಿಸಬೇಕು. ಈ ದುಭಾಷಿ ಪ್ರಾಮಾಣಿಕನೂ ಎಚ್ಚರಿಕೆಯವನೂ ಆಗಿದ್ದರೆ ಅವನಿರುವುದೇ ನಮಗೆ ತಿಳಿಯುವುದಿಲ್ಲ. ಅವನು ಅಲಕ್ಷ್ಯಗಾರನಾದರೆ ನಮ್ಮ ಕಡತ ನಮಗೆ ಸಿಗುವುದಿಲ್ಲ.

ವಿಂಡೋಸಿನ ಹೆಬ್ಬಾಗಿಲಲ್ಲಿ ಅರ್ಜಿ ಕೊಡಲು ಎರಡು ಕಿಂಡಿಗಳಿವೆ. ಕಡತ ತೆರೆಯುವ ಅರ್ಜಿಯಿರಲಿ, ಕಡತಗಳ ಪಟ್ಟಿ ಕೇಳುವ ಅರ್ಜಿಯಿರಲಿ, ಪ್ರತಿಯೊಂದಕ್ಕೂ ಹೆಸರಿನ ಕೊನೆಗೆ ‘ಎ’ ಎಂಬ ಇಂಗ್ಲಿಷ್ ಅಕ್ಷರವಿರುವುದೊಂದು, ‘ಡಬ್ಲ್ಯು’ ಇರುವುದೊಂದು. ಮೊದಲನೆಯದು ಕಿರಿದು: ಅದು ಆ ಯಂತ್ರಕ್ಕೆ ಗೊತ್ತುಮಾಡಿದ ಸಂಕೇತಪುಟದ ಅಕ್ಷರಗಳನ್ನು ಮಾತ್ರ ಒಳಬಿಡುತ್ತದೆ. ಎರಡನೆಯದು ಅಗಲ: ಅದು ಯುಟಿಎಫ್-16ನ್ನು ಒಪ್ಪುತ್ತದೆ, ಅಂದರೆ ಎಲ್ಲ ಲಿಪಿಗಳನ್ನೂ. ಹಳೆಯ ಕ್ರಮವಿಧಿಗಳು ಕೆಡದಿರಲೆಂದು ಕಿರುಕಿಂಡಿಯನ್ನು ಉಳಿಸಿಕೊಂಡರು. ರಷ್ಯನ್ನನು ಕಿರುಕಿಂಡಿಯಲ್ಲಿ ಅರ್ಜಿ ಕೊಟ್ಟರೂ ಅವನ ಯಂತ್ರದಲ್ಲಿ ಅವನ ಪುಟವಿರುವುದರಿಂದ ಕೆಲಸ ಸಾಗುತ್ತದೆ. ಕನ್ನಡಿಗನ ಸ್ಥಿತಿ ಹಾಗಲ್ಲ. ವಿಂಡೋಸಿಗೆ ಕನ್ನಡದ ಬೆಂಬಲ ಬಂದುದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅಷ್ಟರಲ್ಲಿ ಯೂನಿಕೋಡ್ ನೆಲೆಗೊಂಡಿದ್ದುದರಿಂದ ಕಿರುಕಿಂಡಿಗೆಂದು ಕನ್ನಡದ ಪುಟವನ್ನು ಮಾಡಲೇ ಇಲ್ಲ. ಇಸ್ಕಿಯ ಕನ್ನಡ ಪಟ್ಟಿಗೆ 57008 ಎಂಬ ಸಂಖ್ಯೆ ಕೊಟ್ಟಿದ್ದಾರೆ, ನಿಜ. ಆದರೆ ಅದು ಬರಹವನ್ನು ಪರಿವರ್ತಿಸಲು ಮಾತ್ರ. ಯಂತ್ರದ ಸ್ವಂತ ಪುಟವಾಗಿ ನಿಲ್ಲಲು ಅದಕ್ಕೆ ಅಧಿಕಾರವಿಲ್ಲ.

ಇದರ ಫಲವೇನು? ಕಿರುಕಿಂಡಿಯ ದುಭಾಷಿ ತನ್ನ ಪುಟದಲ್ಲಿಲ್ಲದ ಅಕ್ಷರ ಕಂಡಾಗ ಅದರ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದು ಮುಂದೆ ಸಾಗುತ್ತಾನೆ. ‘ಕರ್ನಾಟಕ’ ಎಂಬ ಹೆಸರು ಏಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಏಳು ಸಂಕೇತಗಳ ಬೇರೆ ಯಾವ ಕನ್ನಡ ಹೆಸರೂ ಅದೇ ಏಳು ಚಿಹ್ನೆಗಳಾಗುತ್ತದೆ. ಇಷ್ಟೇ ಸಾಲದೆಂಬಂತೆ, ವಿಂಡೋಸಿನಲ್ಲಿ ಕಡತದ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆ ನಿಷಿದ್ಧ. ಕ್ರಮವಿಧಿಯು ಕಡತಗಳ ಪಟ್ಟಿ ಕೇಳುತ್ತದೆ. ಪ್ರಶ್ನೆಗಳ ಸಾಲು ಉತ್ತರವಾಗಿ ಬರುತ್ತದೆ. ಅದೇ ಹೆಸರು ಹಿಡಿದು ಕಡತ ತೆರೆಯಹೋದರೆ ‘ಇಂಥ ಹೆಸರು ಇರಲು ಸಾಧ್ಯವಿಲ್ಲ’ ಎಂದು ಅದೇ ವ್ಯವಸ್ಥೆ ಅರ್ಜಿಯನ್ನು ತಳ್ಳಿಹಾಕುತ್ತದೆ.

ನನ್ನ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಸೀಮೆಯ ಸೋಬಾನೆ ಪದಗಳನ್ನೂ ಕೋಲಾಟದ ಹಾಡುಗಳನ್ನೂ ಹಲವು ವರ್ಷ ಧ್ವನಿಮುದ್ರಿಸಿಕೊಂಡಿದ್ದರು. ಪ್ರತಿ ಕಡತಕ್ಕೂ ಹಾಡಿದವರ ಹೆಸರು, ಊರಿನ ಹೆಸರು ಕನ್ನಡದಲ್ಲಿಯೇ. ಹೊಸ ಯಂತ್ರ ಕೊಂಡಾಗ ನಕಲು ತೆಗೆಯುವ ತಂತ್ರಾಂಶವೊಂದಕ್ಕೆ ಈ ಕೆಲಸ ಒಪ್ಪಿಸಿದರು. ಕೆಲಸ ಮುಗಿಯಿತೆಂದು ಅದು ವರದಿ ಕೊಟ್ಟಿತು. ಹಳೆಯ ಯಂತ್ರವನ್ನು ಮಾರುವ ಹಿಂದಿನ ದಿನ ಅವರ ಮಗಳು ಎರಡೂ ಕಡೆಯ ಎಣಿಕೆಯನ್ನು ತಾಳೆ ನೋಡಿದಳು. ಇಂಗ್ಲಿಷ್ ಹೆಸರಿನ ಕಡತಗಳೆಲ್ಲ ಬಂದಿದ್ದವು. ಕನ್ನಡ ಹೆಸರಿನದು ಒಂದೂ ಬಂದಿರಲಿಲ್ಲ. ಹಾಡಿದವರಲ್ಲಿ ಇಬ್ಬರು ಆ ವೇಳೆಗೆ ತೀರಿಕೊಂಡಿದ್ದರು. ಹಾಡುಗಳು ಉಳಿದುದು ಆ ಹುಡುಗಿಯ ಅನುಮಾನದಿಂದಲೇ ಹೊರತು ತಂತ್ರಾಂಶದ ದಯೆಯಿಂದಲ್ಲ. ನಾನು ಆ ತಂತ್ರಾಂಶವನ್ನು ಪರಿಶೀಲಿಸಿದೆ. ಅದು ಕಿರುಕಿಂಡಿಯಲ್ಲಿ ಅರ್ಜಿ ಕೊಡುತ್ತಿತ್ತು. ತಳ್ಳಿಹೋದ ಅರ್ಜಿಗಳ ಸುದ್ದಿಯನ್ನು ಯಾರಿಗೂ ಹೇಳದೆ ಮುಂದಿನ ಕಡತಕ್ಕೆ ಹೋಗುತ್ತಿತ್ತು.

ಹಾಗಾದರೆ ಒಳ್ಳೆಯ ದುಭಾಷಿಯ ಲಕ್ಷಣಗಳೇನು? ನನಗೆ ತೋರುವ ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು, ಅವನು ಹೆಬ್ಬಾಗಿಲಲ್ಲಿಯೇ ನಿಲ್ಲಬೇಕು, ಊರೊಳಗೆ ಓಡಾಡಬಾರದು. ಕ್ರಮವಿಧಿಯ ಒಳಗೆಲ್ಲ ಒಂದೇ ಪದ್ಧತಿ ನಡೆಯಬೇಕು. ವ್ಯವಸ್ಥೆಗೆ ಅರ್ಜಿ ಹೋಗುವ ಕ್ಷಣದಲ್ಲಿ ಮಾತ್ರ ಪರಿವರ್ತನೆಯಾಗಬೇಕು. ಕ್ಲಾಂಗ್ ಎಂಬ ಪ್ರಸಿದ್ಧ ಕಂಪೈಲರ್ ಒಳಗೆಲ್ಲ ಯುಟಿಎಫ್-8ನ್ನೇ ಬಳಸಿ, ವಿಂಡೋಸಿನ ಬಾಗಿಲಿಗೆ ಬಂದಾಗ ಹೆಸರನ್ನು ಯುಟಿಎಫ್-16ಕ್ಕೆ ಬದಲಾಯಿಸಿ ಅಗಲವಾದ ಕಿಂಡಿಯಲ್ಲಿ ಕೊಡುತ್ತದೆ. ಗೋ ಭಾಷೆಯ ರೀತಿಯೂ ಇದೇ. ಪಾಸ್ಕಲ್ ಸಂತತಿಯ ಡೆಲ್ಫಿ 2008ರಲ್ಲಿ ಹೊರಬಂದ ತನ್ನ ಆವೃತ್ತಿಯಿಂದ ಒಳಗಿನ ಬರಹವನ್ನೇ ಯುಟಿಎಫ್-16ಕ್ಕೆ ತಂದುಕೊಂಡಿತು. ಅದರ ಬಂಧುವಾದ ಫ್ರೀ ಪಾಸ್ಕಲ್ 2015ರ ಮೂರನೆಯ ಆವೃತ್ತಿಯಲ್ಲಿ ಪ್ರತಿಯೊಂದು ಕಿರುಬರಹದ ಜೊತೆಗೂ ಅದು ಯಾವ ಸಂಕೇತಪುಟದ್ದೆಂಬ ಗುರುತನ್ನು ಇಟ್ಟಿತು. ಪುಟ ಬದಲಾಗುವಲ್ಲಿ ಪರಿವರ್ತನೆಯನ್ನು ಕಂಪೈಲರೇ ಸೇರಿಸುತ್ತದೆ. ಅಗಲವಾದ ಬರಹವನ್ನು ಕಿರಿದಾದ ಪಾತ್ರೆಗೆ ಸುರಿಯಹೊರಟರೆ ‘ಇಲ್ಲಿ ನಷ್ಟವಾಗಬಹುದು’ ಎಂದು ಡೆಲ್ಫಿ ಕಂಪೈಲರ್ ಮೊದಲೇ ಎಚ್ಚರಿಸುತ್ತದೆ. ಈ ಎಚ್ಚರಿಕೆಯನ್ನು ಕಡೆಗಣಿಸದಿರುವುದು ಕ್ರಮವಿಧಿ ಬರೆಯುವವರ ಪಾಲಿನ ಕರ್ತವ್ಯ.

ಎರಡನೆಯದು, ಅವನು ಅಳತೆ ತಿಳಿದವನಾಗಿರಬೇಕು. ‘ಕರ್ನಾಟಕ’ದ ನಾಲ್ಕು ಎಣಿಕೆಗಳನ್ನು ಆಗಲೇ ನೋಡಿದೆವು. ಏಳು ಸಂಕೇತಗಳಿವೆಯೆಂದು ಏಳು ಬೈಟಿನ ಜಾಗ ಕಾದಿರಿಸಿದರೆ ಬರಹ ಉಕ್ಕಿ ಪಕ್ಕದ ಮಾಹಿತಿಯನ್ನು ಕೆಡಿಸೀತು, ಇಲ್ಲವೇ ನಡುವೆ ಕತ್ತರಿಸಿಹೋದೀತು. ಆದುದರಿಂದ ವಿಂಡೋಸಿನ ಪರಿವರ್ತನೆಯ ಕ್ರಮವಿಧಿಯನ್ನು ಎರಡು ಸಲ ಕರೆಯುವ ವಾಡಿಕೆಯಿದೆ. ಮೊದಲ ಸಲ ‘ಎಷ್ಟು ಜಾಗ ಬೇಕು’ ಎಂದು ಕೇಳಿ ತಿಳಿಯುವುದು. ಅಷ್ಟು ಜಾಗ ಒದಗಿಸಿಕೊಂಡು ಎರಡನೆಯ ಸಲ ಬದಲಾಯಿಸುವುದು. ಮಿತಿಗಳೂ ಬೇರೆ ಬೇರೆ. ಲಿನಕ್ಸಿನಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟುಗಳ ಮಿತಿ. ಸಂಕೇತವೊಂದಕ್ಕೆ ಮೂರು ಬೈಟಿನಂತೆ ಕನ್ನಡದ 85 ಸಂಕೇತಗಳಷ್ಟೆ ಅದರಲ್ಲಿ ಹಿಡಿದಾವು. ವಿಂಡೋಸಿನ ಕಡತ ವ್ಯವಸ್ಥೆಯಲ್ಲಿ ಮಿತಿ 255 ಜೋಡಿ ಬೈಟುಗಳು. ಅಲ್ಲಿ 255 ಸಂಕೇತಗಳು ಹಿಡಿಯುತ್ತವೆ. ಅಲ್ಲಿ ಇಟ್ಟ ದೀರ್ಘವಾದ ಹೆಸರು ಇಲ್ಲಿ ಒಪ್ಪಿಗೆಯಾಗದೆ ಹೋದೀತು. ಆಗ ಹಾಗೆಂದು ಹೇಳಬೇಕೇ ಹೊರತು ಹೆಸರಿನ ಬಾಲ ಕತ್ತರಿಸಬಾರದು.

ಮೂರನೆಯದು, ಅವನು ತನಗೆ ಅರ್ಥವಾಗದ್ದನ್ನೂ ಕೆಡಿಸದೆ ದಾಟಿಸಬೇಕು. ಇದು ಎಲ್ಲಕ್ಕಿಂತ ಸೂಕ್ಷ್ಮವಾದ ಲಕ್ಷಣ. ಲಿನಕ್ಸಿನ ದೃಷ್ಟಿಯಲ್ಲಿ ಕಡತದ ಹೆಸರು ಬರಿಯ ಬೈಟುಗಳ ಮಾಲೆ. ಅದು ಯುಟಿಎಫ್-8 ಆಗಿರಲೇಬೇಕೆಂಬ ಕಟ್ಟುಪಾಡಿಲ್ಲ. ಹಳೆಯ ಸಂಕೇತಪುಟದಲ್ಲಿ ಹೆಸರಿಟ್ಟ ಕಡತವೊಂದು ಅಲ್ಲಿ ಇದ್ದಿರಬಹುದು. ವಿಂಡೋಸೂ ಅಷ್ಟೆ: ಜೋಡಿ ತಪ್ಪಿದ ಅರ್ಧ ಸಂಕೇತವೊಂದು ಹೆಸರಿನಲ್ಲಿದ್ದರೆ ಅದು ಆಕ್ಷೇಪಿಸುವುದಿಲ್ಲ. ಇಂಥದ್ದನ್ನು ಕಂಡು ದುಭಾಷಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಆ ಕಡತವನ್ನು ತೆರೆಯಲೂ ಆಗದು, ಅಳಿಸಲೂ ಆಗದು. ಪೈಥಾನ್ ಭಾಷೆಯವರು 2009ರ 3.1ನೆಯ ಆವೃತ್ತಿಯಲ್ಲಿ ಇದಕ್ಕೊಂದು ಉಪಾಯ ಕಂಡರು. ಅರ್ಥವಾಗದ ಪ್ರತಿ ಬೈಟನ್ನೂ ಸಾಮಾನ್ಯ ಬರಹದಲ್ಲಿ ಎಂದೂ ಒಂಟಿಯಾಗಿ ಬರದ ಒಂದು ಮೀಸಲು ಸಂಕೇತದ ಹೊದಿಕೆಯಲ್ಲಿ ಇಟ್ಟುಕೊಂಡು, ಮರಳಿ ವ್ಯವಸ್ಥೆಗೆ ಕೊಡುವಾಗ ಹೊದಿಕೆ ತೆಗೆದು ಮೂಲದ ಬೈಟನ್ನೇ ಒಪ್ಪಿಸುತ್ತಾರೆ. 2015ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ರಸ್ಟ್ ಭಾಷೆ ಇನ್ನೂ ಕಟ್ಟುನಿಟ್ಟು. ಅಲ್ಲಿ ಶುದ್ಧ ಬರಹವೇ ಒಂದು ಜಾತಿ, ವ್ಯವಸ್ಥೆಯಿಂದ ಬಂದ ಹೆಸರೇ ಮತ್ತೊಂದು ಜಾತಿ. ಎರಡನೆಯದನ್ನು ಮೊದಲನೆಯದಾಗಿ ಮಾಡಬೇಕಾದರೆ ಕ್ರಮವಿಧಿ ಬರೆಯುವವನು ಬಾಯಿಬಿಟ್ಟು ಕೇಳಬೇಕು. ಆಗದಿದ್ದರೆ ಆಗದೆಂಬ ಉತ್ತರವನ್ನು ಎದುರಿಸಬೇಕು. ನಷ್ಟವಾದರೂ ಚಿಂತೆಯಿಲ್ಲವೆನ್ನುವವರಿಗೆ ಬೇರೊಂದು ವಿಧಾನವುಂಟು. ಅದರ ಹೆಸರಿನಲ್ಲಿಯೇ ‘ನಷ್ಟ’ ಎಂಬ ಅರ್ಥದ ಮಾತಿದೆ.

ನಾಲ್ಕನೆಯದು, ಅವನು ಜಾಣತನ ತೋರಿಸಬಾರದು. ವಿಂಡೋಸಿನ ಕಿರುಕಿಂಡಿಯ ದುಭಾಷಿಗೆ ಒಂದು ಚಾಳಿಯಿದೆ. ತನ್ನ ಪುಟದಲ್ಲಿಲ್ಲದ ಅಕ್ಷರಕ್ಕೆ ಹೋಲಿಕೆಯಿರುವ ಬೇರೆ ಅಕ್ಷರವೊಂದು ಸಿಕ್ಕರೆ ಅದನ್ನೇ ಬರೆದುಬಿಡುತ್ತಾನೆ. ಇದು ಉಪಕಾರದಂತೆ ಕಾಣುತ್ತದೆ. 2024ರ ಜೂನಿನಲ್ಲಿ ಅದರ ಅಪಾಯ ಬಯಲಾಯಿತು. ಪಿಎಚ್‌ಪಿ ಎಂಬ ಭಾಷೆಯ ತಂತ್ರಾಂಶ, ಹೊರಗಿನವರು ಕಳುಹಿಸಿದ ಬರಹದಲ್ಲಿ ಅಡ್ಡಗೆರೆಯಿಂದ ಮೊದಲಾಗುವ ಆಜ್ಞೆಗಳಿವೆಯೇ ಎಂದು ತಪಾಸಣೆ ಮಾಡುತ್ತಿತ್ತು. ಕಿಡಿಗೇಡಿಗಳು ಮಾಮೂಲು ಅಡ್ಡಗೆರೆಯ ಬದಲು ಪದವನ್ನು ಸಾಲಿನ ಕೊನೆಯಲ್ಲಿ ಒಡೆಯಲು ಬಳಸುವ ಮೃದು ಅಡ್ಡಗೆರೆಯನ್ನು ಕಳುಹಿಸಬಹುದಾಗಿತ್ತು. ಅದು ಬೇರೆ ಸಂಕೇತವಾದ್ದರಿಂದ ತಪಾಸಣೆಯಲ್ಲಿ ಪಾರಾಗುತ್ತಿತ್ತು. ಜಪಾನಿ, ಚೀನೀ ಸಂಕೇತಪುಟಗಳಿರುವ ವಿಂಡೋಸ್ ಯಂತ್ರಗಳಲ್ಲಿ ಮುಂದಿನ ಹೆಜ್ಜೆಗೆ ದುಭಾಷಿ ಅದನ್ನು ಮಾಮೂಲು ಅಡ್ಡಗೆರೆಯಾಗಿ ತಿದ್ದುತ್ತಿದ್ದ. ಹೀಗೆ ಬಾಗಿಲಲ್ಲಿ ಸಾಧುವಾಗಿದ್ದ ಬರಹ ಒಳಗೆ ಹೋಗಿ ಆಜ್ಞೆಯಾಗುತ್ತಿತ್ತು. ತಪಾಸಣೆಯಾದ ಮೇಲೆ ಬರಹದ ರೂಪ ಬದಲಾಗಕೂಡದು; ಬದಲಾದರೆ ಮತ್ತೆ ತಪಾಸಣೆಯಾಗಬೇಕು ಎಂಬುದು ಇದರ ಪಾಠ.

ಜಾಣತನದ ವಿಷಯದಲ್ಲಿ ಕನ್ನಡದ್ದೇ ಆದ ಒಂದು ತೊಡಕೂ ಉಂಟು. ಕಾಗುಣಿತ ಕಲಿತ ಎಲ್ಲರಿಗೂ ‘ಕೋ’ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದನ್ನು ಕಕಾರ ಮತ್ತು ಓಕಾರದ ಒಂದೇ ಚಿಹ್ನೆಯೆಂದು ಬರೆಯಬಹುದು. ಇಲ್ಲವೇ ಕಕಾರ, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ‘ಕೋಲಾಟ’ ಎಂಬ ಹೆಸರು ಮೊದಲ ರೀತಿಯಲ್ಲಿ 15 ಬೈಟು, ಬಿಡಿಸಿ ಬರೆದರೆ 21 ಬೈಟು. ಮ್ಯಾಕ್ ಗಣಕಗಳಲ್ಲಿ 1998ರಿಂದ ಬಳಕೆಗೆ ಬಂದ ಕಡತ ವ್ಯವಸ್ಥೆ ಎಲ್ಲ ಹೆಸರನ್ನೂ ಬಿಡಿಸಿಯೇ ಇಡುತ್ತಿತ್ತು. 2017ರಲ್ಲಿ ಅದರ ಸ್ಥಾನಕ್ಕೆ ಬಂದ ವ್ಯವಸ್ಥೆ ಕೊಟ್ಟ ರೂಪವನ್ನೇ ಉಳಿಸಿಕೊಂಡು, ಹುಡುಕುವಾಗ ಮಾತ್ರ ಎರಡನ್ನೂ ಒಂದೆಂದು ಭಾವಿಸುತ್ತದೆ. ವಿಂಡೋಸ್, ಲಿನಕ್ಸ್‌ಗಳಲ್ಲಿ ಸಾಮಾನ್ಯವಾಗಿ ಇವು ಎರಡು ಬೇರೆ ಬೇರೆ ಕಡತಗಳು. ಆದುದರಿಂದ ದುಭಾಷಿ ಹೆಸರಿನ ಕಾಗುಣಿತ ತಿದ್ದಲು ಹೋಗದೆ, ಬಂದ ರೂಪವನ್ನು ಬಂದಂತೆಯೇ ದಾಟಿಸುವುದು ಲೇಸು. ಎರಡೂ ಒಂದೇ ಎಂದು ಗುರುತಿಸುವ ಕೆಲಸ ಹುಡುಕುವವನದು, ಹೆಸರನ್ನು ಹೊರುವವನದಲ್ಲ.

2019ರ ಮೇ ತಿಂಗಳಿನಿಂದ ವಿಂಡೋಸಿನಲ್ಲಿ ಒಂದು ಅನುಕೂಲವಾಗಿದೆ. ಕ್ರಮವಿಧಿಯು ತನ್ನ ಘೋಷಣಾಪತ್ರದಲ್ಲಿ ಹೇಳಿಕೊಂಡರೆ ಕಿರುಕಿಂಡಿಯೂ ಅದರ ಪಾಲಿಗೆ ಯುಟಿಎಫ್-8ನ್ನು ಒಪ್ಪುತ್ತದೆ. ಇದು ಸ್ವಾಗತಾರ್ಹ. ಆದರೆ ಹೇಳಿಕೊಳ್ಳದ ಹಳೆಯ ಕ್ರಮವಿಧಿಗಳ ಮಟ್ಟಿಗೆ ಕಿಂಡಿ ಮೊದಲಿನಷ್ಟೇ ಕಿರಿದು.

ಇಷ್ಟೆಲ್ಲ ವಿವರಗಳ ಹಿಂದೆ ಇರುವ ತತ್ತ್ವ ಸರಳವಾದುದು. ಹೆಸರು ಅದನ್ನಿಟ್ಟವರ ಸ್ವತ್ತು. ದುಭಾಷಿ ಅದನ್ನು ಕೊಟ್ಟಂತೆಯೇ ತಲುಪಿಸಬೇಕು. ತಲುಪಿಸಲಾಗದಿದ್ದರೆ ಆಗದೆಂದು ಎಲ್ಲರೆದುರು ಹೇಳಬೇಕು. ಮೂರನೆಯದೊಂದನ್ನು ತಾನೇ ಕಲ್ಪಿಸಿ ಕೆಲಸವಾಯಿತೆಂದು ಸಾರುವ ಅಧಿಕಾರ ಅವನಿಗಿಲ್ಲ. ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷಿಸುವವರಿಗೆ ಈ ದೋಷ ಎಂದೂ ಕಾಣಿಸದು. ಏಕೆಂದರೆ ಆ 128 ಅಕ್ಷರಗಳು ಬಹುಮಟ್ಟಿಗೆ ಎಲ್ಲ ಪುಟಗಳಲ್ಲಿಯೂ ಒಂದೇ ಸ್ಥಾನದಲ್ಲಿವೆ. ಕಿರುಕಿಂಡಿಯಲ್ಲಿ ಸ್ವಂತ ಪುಟವೇ ಇಲ್ಲದ ಕನ್ನಡದಂಥ ಭಾಷೆಯವರಿಗೆ ಅದು ಮೊದಲ ಅರ್ಜಿಯಲ್ಲಿಯೇ ಕಾಣುತ್ತದೆ. ಹೀಗೆ ನಮ್ಮ ಕೊರತೆಯೇ ಇಲ್ಲಿ ಒರೆಗಲ್ಲಾಗಿದೆ.

ಕ್ರಮವಿಧಿ ಬರೆಯುವ ತರುಣ ತರುಣಿಯರು ಈ ಮಾತುಗಳನ್ನು ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ವಿಜ್ಞಾಪನೆ. ತಮ್ಮ ತಂತ್ರಾಂಶವನ್ನು ಇತರರ ಕೈಗೆ ಕೊಡುವ ಮೊದಲು ‘ಕೋಲಾಟ’ ಎಂಬ ಹೆಸರಿನ ಕಡತವೊಂದನ್ನು ಎರಡು ಬಗೆಯ ಕಾಗುಣಿತದಲ್ಲಿಯೂ ಅದಕ್ಕೆ ಕೊಟ್ಟು ನೋಡಿ. ಅದು ತೆರೆಯಲಿ, ನಕಲು ಮಾಡಲಿ, ಹೆಸರು ಬದಲಾಯಿಸಲಿ, ಅಳಿಸಲಿ. ಉಳಿದವರಾದ ನಾವು ಹೊಸ ತಂತ್ರಾಂಶಕ್ಕೆ ನಮ್ಮ ಬರಹಗಳನ್ನು ಒಪ್ಪಿಸುವ ಮೊದಲು ಇಂಥ ಎರಡು ಕಡತಗಳನ್ನು ಕೊಟ್ಟು, ಎರಡೂ ಮರಳಿ ಬಂದುವೇ ಎಂದು ಎಣಿಸಿ ನೋಡೋಣ.